ಏಳನೇ ಹಾಸಿಗೆಯ ಎಚ್ಚರಿಕೆ

ದೊಡ್ಡ ಡಾಕ್ಟರಮ್ಮನವರಿಗೆ,

ದಾಖಲೆ ಕೋಣೆಯ ಗುಮಾಸ್ತನ ನಮಸ್ಕಾರಗಳು. ನಿಮ್ಮ ಫೋನ್ ಸಿಗದ ಕಾರಣ ಆಂಬುಲೆನ್ಸ್ ಡ್ರೈವರಣ್ಣನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ಸಂಗತಿ ಮೊದಲು ಹೇಳಿದವರು ಮೇಲಿನ ವಾರ್ಡಿನ ನರ್ಸಕ್ಕ, ನಿನ್ನೆ ಸಂಜೆ ಚಹಾದ ಹೊತ್ತಿನಲ್ಲಿ. "ಅಲ್ವೋ, ನಿನ್ನ ಹೊಸ ಕಂಪ್ಯೂಟರು ಉತ್ತರ ಹೇಳೋದು ಬಿಟ್ಟು ನನ್ನನ್ನೇ ಪ್ರಶ್ನೆ ಕೇಳ್ತಿದೆಯಲ್ಲೋ!" ಎಂದರು. ಎಲ್ಲರೂ ನಕ್ಕೆವು. ತೆರೆದು ನೋಡಿದ ಮೇಲೆ ಯಾರೂ ನಗಲಿಲ್ಲ.

ದಾಖಲೆಗಳನ್ನು ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಸಾಗಿಸುವಾಗ ಇಂಗ್ಲಿಷ್ ಅಕ್ಷರಗಳಷ್ಟೇ ಉಳಿದಿವೆ. ನಮ್ಮ ಭಾಷೆಯಲ್ಲಿದ್ದದ್ದೆಲ್ಲ ಬರೀ ಪ್ರಶ್ನೆಚಿಹ್ನೆ. ರೋಗಿಗೆ ಯಾವ ಔಷಧಿ ಕೊಡಬಾರದು ಎಂಬುದನ್ನು, ಅವಸರದಲ್ಲೂ ಯಾರೂ ತಪ್ಪು ಓದದಿರಲೆಂದು, ನಾವು ನಮ್ಮ ಭಾಷೆಯಲ್ಲೇ ಬರೆಯುತ್ತಿದ್ದೆವಲ್ಲ!

ಸಾಗಿಸಿ ಮುಗಿದ ದಿನ ಪರೀಕ್ಷೆಗೆಂದು ನಾನು ತೆರೆದದ್ದು ನನ್ನದೇ ದಾಖಲೆ. ನನಗೆ ಒಗ್ಗದ ಔಷಧಿಯಿಲ್ಲ, ಆ ಜಾಗ ಖಾಲಿಯೇ ಇತ್ತು. ಎಲ್ಲ ಸರಿಯಿದೆಯೆಂದು ಸಹಿ ಹಾಕಿ, ಹಳೆಯದನ್ನು ಅಳಿಸಿಬಿಟ್ಟೆ. ತಪ್ಪು ನನ್ನದು.

ಹಳೆಯ ದಾಖಲೆಗಳ ಇನ್ನೊಂದು ಪ್ರತಿ ನಿಮ್ಮ ಮನೆಯ ಬೀರುವಿನಲ್ಲಿದೆಯಂತೆ. ದಯವಿಟ್ಟು ಡ್ರೈವರಣ್ಣನ ಕೈಲೇ ಕಳಿಸಿ. ಇವತ್ತು ಹನ್ನೊಂದು ಗಂಟೆಗೆ ಏಳನೇ ಹಾಸಿಗೆಯ ಹೆಂಗಸಿಗೆ ಆಪರೇಷನ್. ಅದಕ್ಕಿಂತ ತಡವಾದರೆ ಜೀವ ಉಳಿಯುವುದಿಲ್ಲವಂತೆ. ಅವರ ದಾಖಲೆಯಲ್ಲಿ ಎರಡು ಸಾಲು ತುಂಬ ಪ್ರಶ್ನೆಚಿಹ್ನೆಗಳಿವೆ.

ಇವತ್ತು ಬೆಳಿಗ್ಗೆ ನರ್ಸುಗಳೆಲ್ಲ ಪೆನ್ಸಿಲ್ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗಿ, "ನಿಮಗೆ ಯಾವ ಔಷಧಿ ಆಗಲ್ಲ, ಹೇಳಿ" ಎಂದು ಕೇಳಿ ಬರೆದುಕೊಂಡರು. ಏಳನೆಯವರಿಗೆ ಪ್ರಜ್ಞೆ ಬಂದಿಲ್ಲ, ಅವರ ಕಡೆಯವರೆಂದು ಕೇಳೋಣವೆಂದರೆ ಯಾರೂ ಇಲ್ಲ. ನರ್ಸಕ್ಕ ಅವರ ಕಿವಿಯ ಹತ್ತಿರ ಬಗ್ಗಿ ಇನ್ನೂ ಕೇಳುತ್ತಲೇ ಇದ್ದಾರೆ.

ಇಂತಿ ನಿಮ್ಮ ವಿಧೇಯ,
ದಾಖಲೆ ಗುಮಾಸ್ತ