ಇಪ್ಪತ್ತೇಳನೆಯ ಟ್ಯೂಬು

ಮಾರ್ಚ್ 4, 2012, ಭಾನುವಾರ
ಬೆಳಿಗ್ಗೆ ರೊಟ್ಟಿ, ಬೇಯಿಸಿದ ಫೂಲ್ ಕಾಳು. ನಮಗೆ ವಾರದ ಮೊದಲ ಕೆಲಸದ ದಿನ, ಎಂಟಕ್ಕೆ ಲ್ಯಾಬ್. ಹೆಪಟೈಟಿಸ್ ಸಿ ರೋಗಿಗಳ ಇಪ್ಪತ್ತಾರು ಟ್ಯೂಬು ಬಂದಿವೆ. ಹೋಲಿಕೆಗೆ ಒಂದು ಆರೋಗ್ಯವಂತರ ರಕ್ತ ಬೇಕು — ಅದನ್ನು ನಾವೇ ಸರದಿಯಂತೆ ಕೊಡುವುದು ಇಲ್ಲಿನ ರೂಢಿ. ಇಂದು ನನ್ನ ಸರದಿ. ಜೊತೆಗೆ ಕೆಲಸ ಮಾಡುವ ವಗ್ದಿ ಸೂಜಿ ಚುಚ್ಚುತ್ತಾ, "ರಬಾಬಕ್ಕ, ನಿಮ್ಮ ಮೈಯಲ್ಲಿ ರಕ್ತ ಎಲ್ಲಿದೆ, ಬರೀ ಸಕ್ಕರೆ ಚಹಾ!" ಅಂದ. ನಕ್ಕೆ.

ಮಾರ್ಚ್ 5
ಹೋಲಿಕೆಯ ಟ್ಯೂಬಿನಲ್ಲೇ ವೈರಸ್. ಲ್ಯಾಬಿನ ಮುಖ್ಯಸ್ಥ ಡಾ. ಇಸ್ಮತ್ ಕೂಗಾಡಿದರು. "ಯಾರ ಕೆಲಸ ಇದು? ರೋಗಿ ರಕ್ತ ಬೆರೆಸಿಬಿಟ್ಟಿದ್ದೀರಿ!" ನನ್ನದೇ ತಪ್ಪು ಸಾರ್ ಅಂದೆ. ಎಲ್ಲರೂ ಮಧ್ಯಾಹ್ನದ ನಮಾಜಿಗೆ ಹೋದಾಗ ನನ್ನ ರಕ್ತ ಹೊಸದಾಗಿ ತೆಗೆದು ಯಂತ್ರಕ್ಕೆ ಹಾಕಿದೆ. ಮತ್ತೆ ಅದೇ. ಬೆರೆತದ್ದಲ್ಲ...

ಮಾರ್ಚ್ 6
ಎಲ್ಲಿಂದ ಬಂತೆಂದು ಈಗ ಹೊಳೆಯಿತು. ಆಗ ನನಗೆ ಎಂಟು ವರ್ಷ. ಶಾಲೆಯಲ್ಲಿ, ಕಾಲುವೆ ನೀರಿನ ಹುಳುವಿನಿಂದ ಬರುವ ರೋಗಕ್ಕೆ ಇಂಜೆಕ್ಷನ್. ಮೂವತ್ತು ಮಕ್ಕಳು, ಒಂದೇ ಸೂಜಿ. ಹೆದರಿ ಹಿಂದೆ ಹಿಂದೆ ಸರಿದು ಕೊನೆಯವಳಾಗಿದ್ದೆ. ಹಾಗಾದರೆ ಯುಸ್ರಾ ಹುಟ್ಟುವ ಮೊದಲೇ ಇದು ನನ್ನೊಳಗಿತ್ತು. ನನ್ನ ಮಗಳು. ಹೆರಿಗೆಯಲ್ಲೇ ಅವಳಿಗೂ ದಾಟಿರಬಹುದು. ಅಯ್ಯೋ ದೇವರೇ.

ಮಾರ್ಚ್ 11
ವೈರಸ್ಸಿನ ಒಂದು ಪ್ರೋಟೀನ್ ಕತ್ತರಿ ಇದ್ದಂತೆ. ಅದು ಕತ್ತರಿಸಿದರೇ ವೈರಸ್ ಬೆಳೆಯುವುದು. ನಮ್ಮ ಹೊಸ ಔಷಧಿ ಆ ಕತ್ತರಿಯನ್ನು ಜಾಮ್ ಮಾಡಬೇಕು. ನನ್ನದು ಜಾಮ್ ಆದೀತೇ? ಯಾರಿಗೂ ಹೇಳದೆ ರೋಗಿಗಳ ಟ್ಯೂಬುಗಳ ಜೊತೆ ನನ್ನ ಟ್ಯೂಬನ್ನೂ ಸೇರಿಸಿದೆ. ನಂಬರ್ 27.

ಏಪ್ರಿಲ್ 8
ಡಾ. ಇಸ್ಮತ್ ಮುಖ ಅರಳಿತ್ತು. "ಇಪ್ಪತ್ತಾರಕ್ಕೂ ಕೆಲಸ ಮಾಡಿದೆ! ಈ 27ಕ್ಕೆ ಮಾತ್ರ ಏನೂ ಆಗಿಲ್ಲ. ಯಾರಮ್ಮಾ ಇದು? ಕರೆಸಿ. ಮಕ್ಕಳಿದ್ರೆ ಅವರನ್ನೂ ಪರೀಕ್ಷೆ ಮಾಡ್ಬೇಕು." ಫೈಲ್ ಹುಡುಕುತ್ತೇನೆ ಅಂದೆ. ಹೇಡಿ ನಾನು.

ಏಪ್ರಿಲ್ 12, ಮಧ್ಯಾಹ್ನ 3
ಕಾಲೇಜು ಮುಗಿಸಿ ಯುಸ್ರಾ ಲ್ಯಾಬಿಗೆ ಬಂದಳು. ನಾನು ಒಳಗಿನಿಂದ ಬರುವಷ್ಟರಲ್ಲಿ ಅಂಗಿಯ ತೋಳು ಮೇಲೆ ಮಡಚಿ ಕೂತಿದ್ದಾಳೆ! ವಗ್ದಿ ಕೈಯಲ್ಲಿ ಸೂಜಿ. ಟ್ಯೂಬಿನ ಮೇಲೆ 'ಆರೋಗ್ಯವಂತ' ಎಂದು ಬರೆದಾಗಿತ್ತು.
"ಹತ್ತೊಂಬತ್ತು ವರ್ಷದ ಹುಡುಗಿ ರಕ್ತ, ಅಕ್ಕ! ಇದಕ್ಕಿಂತ ಒಳ್ಳೇದು ಎಲ್ಲಿ ಸಿಗುತ್ತೆ?"
ಅವನ ಕೈ ಹಿಡಿದೆ. "ಹಾಗೆ ಬರೀಬೇಡ ಕಣೋ. ಇಪ್ಪತ್ತೇಳು ನಾನೇ."
"ಏನಮ್ಮಾ ಇಪ್ಪತ್ತೇಳು?"
ಹೇಳಿದೆ. ಎಲ್ಲವನ್ನೂ. ಯುಸ್ರಾ ತೋಳು ಮತ್ತೆ ಮುಂದೆ ಚಾಚಿದಳು. "ತೆಗೀರಿ ಅಣ್ಣಾ." ವಗ್ದಿ ಲೇಬಲ್ ಕಿತ್ತು ಅವಳ ಹೆಸರು ಬರೆದ.

ಸಂಜೆ 6
ಯಂತ್ರ ನಿಂತಿತು. ಯುಸ್ರಾ ಪಕ್ಕದಲ್ಲೇ ಉಗುರು ಕಚ್ಚುತ್ತಿದ್ದಾಳೆ. ವಗ್ದಿ ಹಾಳೆ ಹಿಡಿದು ಬರುತ್ತಿದ್ದಾನೆ. ಒಳ್ಳೆಯದಾಗಿದ್ದರೆ ಆ ಬಾಯಿಬಡುಕ ದೂರದಿಂದಲೇ ಕೂಗಬೇಕಿತ್ತು. ಕೂಗುತ್ತಿಲ್ಲ. ಅವನ ಮುಖ ನೋಡಲಾರೆ, ಅದಕ್ಕೇ ಬರೆಯುತ್ತಾ—