ಆ ವಾರ ಗಂಜಿ ಕುಡಿದಿದ್ದಿರಾ?

ಚಿತ್ರದುರ್ಗ, ಬಂಡೆಮನೆ ಕೇರಿ
ಉರಿಮಾಸದ ನಲವತ್ತೊಂದನೆಯ ದಿನ, ೨೨೦೯

ಪೂಜ್ಯ ಅಜ್ಜಿಯವರಿಗೆ,

ತಾರೀಖು ನೋಡಿ ಇವಳಿಗೆ ಲೆಕ್ಕ ಬರುವುದಿಲ್ಲ ಎಂದುಕೊಳ್ಳಬೇಡಿ. ನಮ್ಮ ತಿಂಗಳುಗಳು ಬಿಸಿಲಿನ ಹಿಂದೆ ನಡೆಯುತ್ತವೆ. ಬಿಸಿಲು ಇಳಿಯುವವರೆಗೆ ಉರಿಮಾಸ ಮುಗಿಯುವುದಿಲ್ಲ, ಕೆಲವು ವರ್ಷ ಅದು ಅರವತ್ತು ದಿನ ದಾಟುವುದೂ ಉಂಟು. ನನ್ನ ಮಾತುಗಳೂ ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆಯಿರಲಿ. ನಿಮ್ಮ ಕಾಲದಲ್ಲಿ ಕಾಗದದ ಮೊದಲಿಗೆ ಉಭಯ ಕುಶಲೋಪರಿ ಎಂದು ಬರೆಯುತ್ತಿದ್ದರಂತೆ. ಇಲ್ಲಿ ಕುಶಲವಿಲ್ಲ, ಆದ್ದರಿಂದ ಅದನ್ನು ಬಿಟ್ಟಿದ್ದೇನೆ.

ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಅಜ್ಜಿ ಎಂದಿದ್ದೇನೆ. ನೀವು ಕೊಟ್ಟ ರಕ್ತದ ಚೀಲದ ಮೇಲಿರುವುದು ಮೂರೇ ಸಂಗತಿ: ಹೆಣ್ಣು, ವಯಸ್ಸು ಇಪ್ಪತ್ತಾರು, ಊರು ದಾವಣಗೆರೆ. ಹೆಸರಿಲ್ಲ. ನೀವು ಸ್ಟೆಮ್ ಸೆಲ್ ಎನ್ನುತ್ತಿದ್ದುದನ್ನು ನಾವು ಬಿತ್ತನೆರಕ್ತ ಎನ್ನುತ್ತೇವೆ, ಏಕೆಂದರೆ ಅದು ಮೂಳೆಯೊಳಗೆ ಇಳಿದು, ಮೊಳೆತು, ಹೊಸ ರಕ್ತವಾಗುತ್ತದೆ. ಸುಮಾರು ಇನ್ನೂರು ವರ್ಷಗಳ ಹಿಂದೆ ನೀವು ಯಾವುದೋ ರೋಗಿಗೆಂದು ಅದನ್ನು ಕೊಟ್ಟಿರಿ. ಆ ರೋಗಿಗೆ ಅದು ತಲುಪಲಿಲ್ಲ. ಏಕೆ ಎಂದು ಊಹಿಸಲು ನನಗೆ ಮನಸ್ಸಿಲ್ಲ. ಚೀಲ ಮಾತ್ರ ಒಂದು ಶೀತಕೋಣೆಯಿಂದ ಇನ್ನೊಂದಕ್ಕೆ ಸಾಗುತ್ತ ಇಲ್ಲಿಯವರೆಗೆ ಬಂದು, ನನ್ನ ಮಗಳು ಸೂರಮ್ಮನಿಗೆ ಹೊಂದಿಕೆಯಾಗಿದೆ. ಅವಳ ರಕ್ತ ಕೆಟ್ಟಿದೆ. ಬದುಕಿರುವವರಲ್ಲಿ ಯಾರದ್ದೂ ಅವಳಿಗೆ ಹೊಂದಲಿಲ್ಲ, ನನ್ನದೂ ಹೊಂದಲಿಲ್ಲ.

ಕೊಟ್ಟವರಿಗೆ ಕಾಗದ ಬರೆದು, ಚೀಲವಿದ್ದ ಜಾಗದಲ್ಲಿ ಇಟ್ಟು ಬರುವುದು ಇಲ್ಲಿನ ಪದ್ಧತಿ. ತೀರಿಕೊಂಡವರಿಗೂ ಬರೆಯುತ್ತೇವೆ. ಹಿಂದಕ್ಕೆ ಹೋಗುವ ಅಂಚೆಯನ್ನು ಯಾರೂ ಕಂಡುಹಿಡಿದಿಲ್ಲ ಎಂಬುದು ನಮಗೂ ಗೊತ್ತು. ಉಳಿದವರೆಲ್ಲ ಮಗು ಎದ್ದು ಓಡಾಡಿದ ಮೇಲೆ ಸಮಾಧಾನವಾಗಿ ಧನ್ಯವಾದ ಬರೆಯುತ್ತಾರೆ. ನಾನು ಮೊದಲೇ ಬರೆಯುತ್ತಿದ್ದೇನೆ. ನನ್ನದು ಧನ್ಯವಾದವಲ್ಲ, ಪ್ರಶ್ನೆ.

ಪ್ರಶ್ನೆ ಕೇಳುವುದು ನನ್ನ ಉದ್ಯೋಗವೂ ಹೌದು. ನಾನು ಆಸ್ಪತ್ರೆಯ ಕೇಳುಗಾತಿ. ಬಿತ್ತನೆರಕ್ತ ಕೊಡಲು ಬಂದವರಲ್ಲಿ ಅಂಟುವ ರೋಗವೇನಾದರೂ ಅಡಗಿದೆಯೇ ಎಂದು ಯಂತ್ರಗಳು ರಕ್ತದಲ್ಲಿ ಹುಡುಕುತ್ತವೆ, ನಾನು ಮನೆಯಲ್ಲಿ ಹುಡುಕುತ್ತೇನೆ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ, ನನ್ನ ಹೊಟ್ಟೆಪಾಡೇ ಆ ಹಲ್ಲು ಎಣಿಸುವುದು. ಬೆಳಗಿನ ತಂಪಿನಲ್ಲಿ ನೆರಳುಗಾಡಿ ಹತ್ತುತ್ತೇನೆ. ಅದು ನಾಲ್ಕು ಗಾಲಿಯ ಮೇಲೆ ಒಂದು ಚಪ್ಪರ, ಮನುಷ್ಯರ ನಡಿಗೆಗಿಂತ ತುಸು ವೇಗ, ಬೈದರೂ ಅಷ್ಟೇ. ಬಂಡೆ ಕೊರೆದು ಮಾಡಿದ ಮನೆಗಳ ಬಾಗಿಲು ತಟ್ಟುತ್ತ ಹೋಗುತ್ತೇನೆ. ಬಿಸಿಲೇರಿದ ಮೇಲೆ ಯಾರೂ ಬಾಗಿಲು ತೆಗೆಯುವುದಿಲ್ಲ. ಕುಡಿಯಲು ನೀರು ಕೊಟ್ಟರೆ ಅದು ಆ ಮನೆಯವರ ಪಾಲಿನದು, ಅರ್ಧ ಲೋಟಕ್ಕಿಂತ ಹೆಚ್ಚು ಕುಡಿಯುವುದು ಮರ್ಯಾದೆಯಲ್ಲ. ಮುದ್ದೆ ಇನ್ನೂ ಇದೆ, ಗಾಬರಿಯಾಗಬೇಡಿ.

ಆ ಮನೆಗಳಲ್ಲಿ ನಾನು ನೇರ ಅಡುಗೆಮನೆಗೆ ಹೋಗುತ್ತೇನೆ. ರಕ್ತ ಕೊಡುವವರನ್ನು ಜ್ವರ ಬಂದಿತ್ತೇ ಎಂದು ಕೇಳುವುದನ್ನು ನಾವು ಬಿಟ್ಟೇ ಬಿಟ್ಟಿದ್ದೇವೆ. ಒಲೆಯ ಮುಂದಿರುವವರನ್ನು, ಈಚೆಗೆ ಯಾರಿಗಾದರೂ ಗಂಜಿ ಕಾಸಿದಿರಾ ಎಂದು ಕೇಳುತ್ತೇವೆ. ಈ ಪದ್ಧತಿ ಬಂದದ್ದು ಒಂದು ಸಾವಿನಿಂದ. ಮಲ್ಲಪ್ಪ ಎಂಬುವನು ತನ್ನ ಅಣ್ಣನಿಗೆ ಕೊಡಲು ಬಂದಿದ್ದ. ಕೇಳಿದವರಿಗೆಲ್ಲ ಆರಾಮಿದೀನಿ ಎಂದ. ಅವನು ಸುಳ್ಳುಗಾರನಲ್ಲ. ನಮ್ಮ ಜನರ ಬಾಯಿಗೆ ಆರಾಮ ಎನ್ನುವುದು ಉಸಿರಿನಷ್ಟು ಸಲೀಸು, ಅದರಲ್ಲೂ ಒಳ್ಳೆಯ ಕೆಲಸಕ್ಕೆ ಹೊರಟಾಗ ಮೈ ಬಿಸಿಯಿತ್ತು ಎನ್ನುವುದು ಅಪಶಕುನ ನುಡಿದಂತೆ. ಅಣ್ಣ ಸತ್ತ ಮೇಲೆ ಮಲ್ಲಪ್ಪನ ಹೆಂಡತಿ ಆಸ್ಪತ್ರೆಯ ಅಂಗಳದಲ್ಲಿ ನಿಂತು, “ಹಿಂದಿನ ವಾರ ಬರೀ ಗಂಜಿ ಕುಡ್ದು ಮಲಗಿದ್ರು. ನನ್ನ ಯಾರು ಕೇಳಿದ್ರಿ? ಕೇಳಿದ್ರೆ ಹೇಳ್ತಿದ್ದೆ” ಎಂದಳಂತೆ. ಅಂದಿನಿಂದ ಆಸ್ಪತ್ರೆಯವರು ಅಡುಗೆಮನೆಯನ್ನೇ ಕೇಳತೊಡಗಿದರು.

ಮಲ್ಲಪ್ಪನಿಗೆ ಬಂದದ್ದು ಹುದುಗುಜ್ವರ. ನಿಮ್ಮ ಕಾಲದಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಗಟ್ಟಿಯಾಗಿರುವವರಿಗೆ ಎರಡು ದಿನ ಮೈ ಬಿಸಿಯಾಗಿ, ಬಾಯಿ ಕಹಿಯಾಗಿ ಬಿಟ್ಟುಹೋಗುತ್ತದೆ. ನಿಮ್ಮ ಕಾಲದವರು ಒಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಿದ್ದರು. ಆದರೆ ಅದು ಹೋಗಿರುವುದಿಲ್ಲ, ಮೂಳೆಯೊಳಗೆ ಹುದುಗಿ ಕೂತಿರುತ್ತದೆ. ಒಂದು ಮಳೆಗಾಲ ಕಳೆದರೆ ತಾನಾಗಿ ತೊಲಗುತ್ತದೆ. ಅಷ್ಟರೊಳಗೆ ಕೊಟ್ಟ ಬಿತ್ತನೆರಕ್ತದಲ್ಲಿ ಮಾತ್ರ ಅದೂ ಸೇರಿಕೊಂಡಿರುತ್ತದೆ. ತೆಗೆದುಕೊಳ್ಳುವವರ ಮೂಳೆಯೊಳಗಿನ ಮಜ್ಜೆಯನ್ನು ಮೊದಲೇ ಔಷಧಿಯಿಂದ ಪೂರ್ತಿ ತೊಳೆದಿರುತ್ತಾರೆ. ಕಾವಲಿಗೆ ಒಬ್ಬರೂ ಇಲ್ಲದ ಆ ಮೈಯಲ್ಲಿ ಅದು ಯಾರನ್ನೂ ಉಳಿಸಿದ್ದಿಲ್ಲ.

ನಿಮ್ಮ ಚೀಲವನ್ನು ಉಳಿದೆಲ್ಲ ರೋಗಗಳಿಗೆ ಪರೀಕ್ಷಿಸಿದ್ದಾರೆ. ಶುದ್ಧವಾಗಿದೆ. ಹುದುಗುಜ್ವರದ ಪರೀಕ್ಷೆ ಮಾತ್ರ ಬಕಾಸುರನ ಪರೀಕ್ಷೆ, ಚೀಲದ ಬಹುಪಾಲನ್ನು ತಿಂದು ಆಮೇಲೆ ಉತ್ತರ ಹೇಳುತ್ತದೆ. ಪರೀಕ್ಷೆಗೆ ಕೊಟ್ಟರೆ ಮಗಳಿಗೆ ಉಳಿಯುವುದಿಲ್ಲ. ಬದುಕಿರುವವರಾದರೆ ಇನ್ನೊಮ್ಮೆ ಕೊಡುತ್ತಾರೆ. ನಿಮ್ಮನ್ನು ನಾನು ಎಲ್ಲಿ ಹುಡುಕಲಿ? ಡಾಕ್ಟರ್ ರುದ್ರಮುನಿಯವರು ಒಳ್ಳೆಯವರು, ಲೆಕ್ಕದವರು. “ನೂರಕ್ಕೆ ತೊಂಬತ್ತು ಭಾಗ ಏನೂ ಇರೋದಿಲ್ಲ ಕಣಮ್ಮ” ಎಂದರು. ಉಳಿದ ಹತ್ತರಲ್ಲಿ ನನ್ನ ಮಗಳಿದ್ದರೆ ನನಗೆ ಅದು ನೂರಕ್ಕೆ ನೂರು. ಚೀಲ ಬೇಡವೆಂದರೆ ಅವಳು ಮಳೆ ಹಿಡಿಯುವವರೆಗೆ ಮಾತ್ರ ಇರುತ್ತಾಳೆ ಎಂದೂ ಅವರೇ ಹೇಳಿದರು.

ಎಷ್ಟೋ ಮನೆಗಳ ಅಡುಗೆಮನೆ ಹೊಕ್ಕವಳು ನಾನು, ನಿಮ್ಮ ಅಡುಗೆಮನೆಗೆ ದಾರಿಯಿಲ್ಲ. ದಿನವಿಡೀ ಅದನ್ನೇ ಕಟ್ಟಿಕೊಂಡು ನೋಡುತ್ತೇನೆ. ದಾವಣಗೆರೆಯ ಯಾವುದೋ ಬೀದಿ, ಒಲೆಯ ಮುಂದೆ ನಿಮ್ಮ ತಾಯಿ. ನಿಮ್ಮ ಹಣೆ ಮುಟ್ಟಿ ನೋಡುತ್ತಾರೆ. ನೀವು, “ಏನಿಲ್ಲ ಬಿಡಮ್ಮ, ಸ್ವಲ್ಪ ಮೈ ಬಿಸಿ ಅಷ್ಟೆ, ಅವ್ರು ಪಾಪ ಕಾಯ್ತಿರ್ತಾರೆ” ಎನ್ನುತ್ತೀರಿ. ಹೀಗೆ ಆಗಿತ್ತೇ? ಇಲ್ಲವೇ ನೀವು ಹೊಟ್ಟೆತುಂಬ ತಿಂಡಿ ತಿಂದು ನಗುತ್ತ ಹೊರಟಿದ್ದಿರೇ? ಒಮ್ಮೆ ಹಾಗೆ ಕಾಣುತ್ತದೆ, ಒಮ್ಮೆ ಹೀಗೆ.

ಸೂರಮ್ಮನಿಗೆ ಈ ಚಿಂತೆ ಯಾವುದೂ ಇಲ್ಲ. ಅವಳು ಗಾಳಿಮನೆಯಲ್ಲಿದ್ದಾಳೆ, ಅಂದರೆ ಸೋಸಿದ ಗಾಳಿ ಮಾತ್ರ ಒಳಗೆ ಬಿಡುವ ಗಾಜಿನ ಕೋಣೆಯಲ್ಲಿ. ನೀವು ದಾವಣಗೆರೆಯವರೆಂದು ತಿಳಿದು, ಆ ಊರಿನ ಬೆಣ್ಣೆದೋಸೆಯ ಕಥೆಯನ್ನು ಯಾರಿಂದಲೋ ಕೇಳಿಕೊಂಡಿದ್ದಾಳೆ. ಬೆಣ್ಣೆಯನ್ನು ಅವಳು ಕಣ್ಣಿಂದಲೂ ಕಂಡಿಲ್ಲ. “ಅವ್ವ, ಆ ಅಕ್ಕನ ರಕ್ತ ಬಂದ್ಮೇಲೆ ನಂಗೂ ದೋಸೆ ಆಸೆ ಆಗುತ್ತಾ?” ಎಂದು ಕೇಳಿದಳು. ಆಗುತ್ತೆ ಎಂದೆ. ನೀವು ನನಗೆ ಅಜ್ಜಿ, ಅವಳಿಗೆ ಅಕ್ಕ. ಅವಳ ಲೆಕ್ಕವೇ ಸರಿಯೆನಿಸುತ್ತದೆ. ಇಪ್ಪತ್ತಾರು ಎಂದರೆ ನೀನು ನನಗೆ ತಂಗಿ. ಇನ್ನು ಹಾಗೆಯೇ ಕರೆಯುತ್ತೇನೆ.

ತಂಗೀ, ಇಂದು ಮಧ್ಯಾಹ್ನ ಡಾಕ್ಟರಿಗೆ ಒಪ್ಪಿಗೆ ಹೇಳಿದೆ. ಸಂಜೆಗೆ ಸೂರಮ್ಮನ ಮಜ್ಜೆ ತೊಳೆಯುವ ಔಷಧಿ ಶುರುವಾಗುತ್ತದೆ. ಆಮೇಲೆ ಹಿಂದಕ್ಕೆ ಬರುವಂತಿಲ್ಲ.

ಕೇಳುಗಾತಿಯಾಗಿ ನಾನು ನಿನಗೆ ಬರೆಯಬೇಕಾದದ್ದು ಒಂದೇ: ಮೈ ಬಿಸಿಯಿದ್ದರೆ ಹೇಳು, ಯಾರೂ ಕೇಳದಿದ್ದರೂ ಹೇಳು. ಬರೆಯಲು ಹೋಗಿ ಕೈ ನಿಂತಿತು. ಮೈ ಬಿಸಿಯಿದ್ದು ನೀನು ನಿಜ ಹೇಳಿದ್ದರೆ ಅಲ್ಲಿನ ಆಸ್ಪತ್ರೆಯವರು ನಿನ್ನನ್ನು ವಾಪಸು ಕಳಿಸುತ್ತಿದ್ದರು, ಈ ಚೀಲವೇ ಇರುತ್ತಿರಲಿಲ್ಲ. ಹೇಳಬೇಡ ಎಂದು ಬರೆಯಲೇ? ಅದನ್ನೂ ಯೋಚಿಸಿದೆ, ನಾಚಿಕೆಯಿಲ್ಲದೆ ಯೋಚಿಸಿದೆ. ಆದರೆ ಹಾಗೆ ವಾಪಸು ಹೋದ ಎಷ್ಟೋ ಜನರನ್ನು ನಾನು ಕಂಡಿದ್ದೇನೆ. ಬೇಡವೆಂದರಲ್ಲ ಎಂದು ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾರೆ, ಮತ್ತೆ ಬಾಗಿಲಿಗೆ ಬರುವುದಿಲ್ಲ. ಜ್ವರ ಮಳೆಗಾಲಕ್ಕೆ ತೊಲಗುತ್ತದೆ, ಆ ಬೇಸರ ತೊಲಗುವುದಿಲ್ಲ. ನನಗೆ ನಿಜವಾಗಿ ಹೆದರಿಕೆಯಿರುವುದು ಅದರದ್ದು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಗಂಜಿ ಕುಡಿದಿದ್ದರೆ ಹೇಳಿಬಿಡು, ತಂಗಿ. ಅವರು ಮನೆಗೆ ಹೋಗು ಎಂದರೆ ಹೋಗು, ಮುನಿಸಿಕೊಳ್ಳಬೇಡ. ಒಂದು ಮಳೆಗಾಲ ಕಳೆಯಲಿ. ಬಾಯಿಗೆ ರುಚಿ ಬರಲಿ, ದೋಸೆ ತಿನ್ನು. ಆಮೇಲೆ ಮತ್ತೆ ಬಾ. ದಯವಿಟ್ಟು ಮತ್ತೆ ಬಾ. ಇಲ್ಲಿ ಒಂದು ಮಗು ನಿನಗಾಗಿ ಬಾಗಿಲು ನೋಡುತ್ತಿದೆ.

ಇಂತಿ ನಿನ್ನ ಅಕ್ಕ,
ಬೋಸಕ್ಕ, ಸೂರಮ್ಮನ ತಾಯಿ