ಹತ್ತು ಬಾಟಲಿ, ಒಂದು ಬಟ್ಟಲು ಅರಿಶಿನ

ಏಪ್ರಿಲ್ 28, ಸೋಮವಾರ

ಬೆಳಿಗ್ಗೆ ಎರಡು ಐಬ್ರೋ, ಒಂದು ಹೇರ್‌ಕಟ್. ಆಮೇಲೆ ಕರೆಂಟ್ ಇಲ್ಲ. ಕನ್ನಡಿ ಒರೆಸುತ್ತಿದ್ದಾಗ ಸಿಂಧು ಬಂದಳು, ಜೊತೆಗೆ ಅವಳಮ್ಮ ರೂಪಕ್ಕ. ಮದುವೆ ಮೇ ಹನ್ನೊಂದಕ್ಕೆ. ಫೋನ್ ತೋರಿಸಿದಳು — ಯಾರೋ ಕೊರಿಯಾದ ಹುಡುಗಿ, ಮುಖ ಗಾಜಿನ ಹಾಗೆ. ಮುಂದೆ ಸಾಲಾಗಿ ಹತ್ತು ಬಾಟಲಿ.

"ಯಶೋದಕ್ಕ, ನಂಗೂ ಇಂಗೇ ಆಗ್ಬೇಕು. ಹತ್ತೂ ಹಾಕು."

"ಮೂರು ಸಾಕು ಕಣಮ್ಮಿ" ಅಂದೆ. ಮುಖ ತೊಳೆಯೋದು, ಕ್ರೀಮು, ಸನ್‌ಸ್ಕ್ರೀನ್. ಮೈಸೂರಿನ ತರಬೇತಿಯಲ್ಲಿ ಮೇಡಂ ಹೇಳಿದ್ದೂ ಅದೇ. ಮೊದಲು ಮೂರು, ಒಂದು ತಿಂಗಳು ನೋಡಿ, ಆಮೇಲೆ ಒಂದೊಂದೇ ಸೇರಿಸಿ ಅಂತ.

ರೂಪಕ್ಕ ನಕ್ಕರು. "ಮೂರಾದ್ರೆ ನಮ್ ಬಚ್ಚಲಲ್ಲೇ ಆಯ್ತದೆ, ನಿನ್ ಪಾರ್ಲರ್ ಯಾಕೆ? ಕೊಳ್ಳೇಗಾಲದಲ್ಲಿ ಹತ್ತೂ ಮಾಡ್ತಾರಂತೆ ಬುಡು."

ನಾಳೆ ಹೇಳ್ತೀನಿ ಅಂದೆ. ಮಧುವನಹಳ್ಳಿಯವರೆಲ್ಲ ಕೊಳ್ಳೇಗಾಲಕ್ಕೇ ಹೋದರೆ ನನ್ನ ಬಾಗಿಲಿಗೆ ಯಾರು ಬರುತ್ತಾರೆ?

ಏಪ್ರಿಲ್ 29

ತರಬೇತಿ ಮುಗಿದಾಗ ಕೊಂಡು ತಂದಿಟ್ಟಿದ್ದ ಹತ್ತು ಬಾಟಲಿಯ ಕಿಟ್ ಬಿಚ್ಚಿದೆ. ಒಳಗಿನ ಚೀಟಿ ಇಂಗ್ಲಿಷಲ್ಲಿ. ಎಂಟನೇ ಕ್ಲಾಸಿಗೆ ಸ್ಕೂಲ್ ಬಿಟ್ಟವಳು, ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ನಾಲ್ಕನೇ ಬಾಟಲಿ ಪೀಲಿಂಗ್. ಚರ್ಮದ ಮೇಲಿನ ಪದರ ಸುಲಿಯುತ್ತದೆ. ಹಚ್ಚಿದ ಮೇಲೆ ಒಂದು ವಾರ ಬಿಸಿಲು ಬೇಡ, ಉಜ್ಜುವುದು ಬೇಡ, ಈ ಬಾಟಲಿಗಳಲ್ಲದೆ ಬೇರೆ ಏನನ್ನೂ ಹಚ್ಚಬೇಡಿ. ಚೆನ್ನಾಗಿಯೇ ಅರ್ಥವಾಯಿತು. ಅರ್ಥವಾಗಲಿಲ್ಲ ಅಂತ ಮುಂದೆ ಯಾವತ್ತೂ ಹೇಳಿಕೊಳ್ಳುವ ಹಾಗಿಲ್ಲ.

ನಾಲ್ಕನೇದು ಬಿಟ್ಟು ಒಂಬತ್ತು ಮಾಡಿದರೆ? ಫೋನ್ ಮಾಡಿ ಕೇಳಿದೆ.

"ಅದ್ರಲ್ಲೇ ಅಲ್ವಾ ಅಕ್ಕ ಮೊಖ ಹೊಳೆಯೋದು?" ಅಂದಳು ಸಿಂಧು.

ಆಯ್ತು ಅಂದೆ. ಹತ್ತು.

ಮೇ 7, ಬುಧವಾರ, ಸಂಜೆ

ನಾಲ್ಕನೇ ಬಾಟಲಿ ಇವತ್ತು. ಚೀಟಿಯಲ್ಲಿ ಇದ್ದಷ್ಟೇ ನಿಮಿಷ, ಗಡಿಯಾರ ಎದುರಿಗಿಟ್ಟುಕೊಂಡು. ಚೂರು ಚುರುಗುಟ್ಟಿತು ಅಂದಳು, ಅಷ್ಟೇ. ಮುಖ ನಿಜಕ್ಕೂ ಹೊಳೆಯಿತು. "ಇದು ನಮ್ ಕೂಸೇನಾ?" ಅಂತ ರೂಪಕ್ಕನ ಕಣ್ಣಲ್ಲಿ ನೀರು. ನನಗೂ ಖುಷಿ... ಐದು ನಿಮಿಷ.

ಹೋಗುವಾಗ ಅಂದರು, "ಶನಿವಾರ ಅರಿಶಿನ ಶಾಸ್ತ್ರ, ತಪ್ಪಿಸ್ಬೇಡ. ಕೆಂಪಾಜಮ್ಮ ಕುಟ್ಟಿಕೊಡ್ತಾರೆ."

ಅರಿಶಿನ. ಇಷ್ಟು ದಿನ ಎಲ್ಲಿತ್ತು ನನ್ನ ತಲೆ? ಹತ್ತು ಬಾಟಲಿ ಎಣಿಸುವುದರಲ್ಲಿ ಅದೊಂದನ್ನು ಮರೆತೆ. ಬೇರೆ ಏನನ್ನೂ ಹಚ್ಚಬೇಡಿ ಅಂತ ಚೀಟಿ ಹೇಳುತ್ತದೆ. ಮದುಮಗಳ ಮುಖಕ್ಕೆ ಅರಿಶಿನ ಹಚ್ಚಬೇಡಿ ಅಂತ ಯಾವ ಬಾಯಲ್ಲಿ ಹೇಳಲಿ? ಮದುವೆ ಮನೆಯಲ್ಲಿ ಆಡುವ ಮಾತಾ ಅದು?

ಮೇ 9

ಹೇಳಲೇಬೇಕು ಅಂತ ರೂಪಕ್ಕನ ಮನೆಗೆ ಹೋದೆ. ಅಂಗಳದಲ್ಲಿ ಒರಳು, ಸುತ್ತ ಹೆಂಗಸರು, ಹಾಡು. ನಡುವೆ ಕೆಂಪಾಜಮ್ಮ. ನಲವತ್ತು ವರ್ಷದಿಂದ ಈ ಊರಿನ ಮದುವೆಗಳಿಗೆ ಅರಿಶಿನ ಕುಟ್ಟುವವರು ಅವರೇ. ನನ್ನ ಮದುವೆಗೂ. ಅವರ ಕೈಗುಣ ಒಳ್ಳೆಯದು ಅಂತ ಎಲ್ಲರ ನಂಬಿಕೆ.

"ಬಾ ಕಣಮ್ಮಿ ಬ್ಯೂಟಿಪಾರ್ಲರು! ನಿನ್ ಬಾಟ್ಲಿಗಿಂತ ನಮ್ ಒನಕೆ ಜೋರು. ನೀನೂ ಒಂದೇಟು ಆಕು."

ಎಲ್ಲ ನಕ್ಕರು. ನಾನೂ ಒನಕೆ ಹಿಡಿದು ಒಂದೇಟು ಹಾಕಿದೆ. ರೂಪಕ್ಕನಿಗೆ ಹೇಳಲಿಲ್ಲ. ಸಿಂಧು ಕಿವಿಯಲ್ಲಿ ಮಾತ್ರ, "ಮೊಖಕ್ಕೆ ಚೂರೇ ಹಚ್ಚಿಸ್ಕೋ" ಅಂದೆ. ಫೋನ್ ನೋಡುತ್ತಿದ್ದಳು. ಕೇಳಿಸಿತೋ ಇಲ್ಲವೋ.

ಮೇ 10, ಶನಿವಾರ

ಒಬ್ಬರಾದ ಮೇಲೆ ಒಬ್ಬರು ಹಚ್ಚಿದರು. ಕೆನ್ನೆ, ಹಣೆ, ಗಲ್ಲ — ಉಜ್ಜಿ ಉಜ್ಜಿ. ಚಪ್ಪರದ ಸಂದಿಯಲ್ಲಿ ಬಿಸಿಲು. ಮಧ್ಯಾಹ್ನದ ಹೊತ್ತಿಗೆ ಮುಖ ಕೆಂಡ. ಊದಿಕೊಂಡಿತು, ಸಣ್ಣ ಸಣ್ಣ ಬೊಬ್ಬೆ. "ಉರೀ ಉರೀ" ಅಂತ ಹುಡುಗಿ ಚಾಪೆ ಮೇಲೆ ಹೊರಳಾಡಿದಳು.

ಯಾರೋ ಅಂದರು, "ಕೆಂಪಾಜಮ್ಮ ಯಾವಾಗ್ಲೂ ಎಲೆ ಅಡ್ಕೆ ಹಾಕ್ತಳೆ. ಸುಣ್ಣದ ಕೈಲೇ ಅರಿಶಿನ ಮುಟ್ಟವ್ಳೆ." ಒಬ್ಬರಿಂದ ಒಬ್ಬರಿಗೆ ದಾಟಿತು. ರೂಪಕ್ಕ ಎಲ್ಲರೆದುರಿಗೆ ಕೇಳಿಯೇಬಿಟ್ಟರು, "ನಮ್ ಕೂಸು ನಿಂಗೇನ್ ಮಾಡಿತ್ತು?"

ಕೆಂಪಾಜಮ್ಮ ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ತೊಳ್ಕಂಡಿದ್ನಲ್ಲವ್ವಾ..."

ಐಸ್ ಸುತ್ತಿದ ಟವೆಲ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅದನ್ನೇ ಸಿಂಧು ಕೆನ್ನೆಗೆ ಒತ್ತುತ್ತಾ ಹೋದೆ.

ಮನೆಗೆ ಬಂದು ಗಂಡನಿಗೆ ನಾಲ್ಕನೇ ಬಾಟಲಿಯ ವಿಷಯ ಹೇಳಿದೆ. ನಿಂಗರಾಜು ಊಟದ ತಟ್ಟೆ ಪಕ್ಕಕ್ಕಿಟ್ಟ. "ನೀನ್ ಬಾಯ್ಬುಟ್ರೆ ನಾಳೆಯಿಂದ ನಿನ್ ಪಾರ್ಲರಿಗೆ ಯಾರ್ ಬತ್ತಾರೆ? ಆ ಮುದುಕಿಗೇನು, ನಾಲ್ಕು ದಿನಕ್ಕೆ ಎಲ್ಲ ಮರ್ತೋಯ್ತರೆ. ಸುಮ್ನಿರು."

ಮೇ 11

ಮದುವೆ ನಡೆಯಿತು. ಕೊಳ್ಳೇಗಾಲದ ಡಾಕ್ಟರು ಮುಲಾಮು ಕೊಟ್ಟಿದ್ದಾರೆ, ಮೇಕಪ್ ಬೇಡ ಅಂದಿದ್ದಾರೆ. ಕಲೆ ಉಳಿಯಲ್ಲ ಅಂದರಂತೆ. ಹುಡುಗ ಏನೂ ಕೇಳದೆ ತಾಳಿ ಕಟ್ಟಿದ. ಫೋಟೋ ತೆಗೆಯುವಾಗಲೆಲ್ಲ ಸಿಂಧು ಮುಖ ತಿರುಗಿಸಿದಳು. ಕೆಂಪಾಜಮ್ಮ ಬರಲಿಲ್ಲ.

ಮೇ 27

ಇಷ್ಟು ದಿನ ಬರೆಯಲು ಕೈ ಬರಲಿಲ್ಲ.

ಹನೂರಿನ ಗಂಡನ ಮನೆಯಿಂದ ಸಿಂಧು ಫೋನ್. ಸಿಪ್ಪೆ ಎದ್ದು ವಾಸಿಯಾಗಿದೆಯಂತೆ. "ಅಕ್ಕ, ಈಗ ಯಾವ್ ಬಾಟಲಿಂದ ಶುರು ಮಾಡ್ಲಿ?"

"ಯಾವುದೂ ಬೇಡ. ನೀರು ಸಾಕು."

"ಆ ಅಜ್ಜಿ ಯಾಕಕ್ಕ ಇಂಗ್ ಮಾಡುದ್ಲು?"

ಸಿಗ್ನಲ್ ಇಲ್ಲ ಅಂತ ಸುಳ್ಳು ಹೇಳಿ ಕಟ್ ಮಾಡಿದೆ.

ಜೂನ್ 3

ಪಕ್ಕದ ಬೀದಿಯ ಗುರುಪ್ರಕಾಶನ ತಂಗಿ ಮದುವೆ. ಅರಿಶಿನ ಶಾಸ್ತ್ರ ಗುರುವಾರ. ಅಂಗಡಿಯಿಂದ ಪ್ಯಾಕೆಟ್ ಅರಿಶಿನ ತಂದಿದ್ದಾರೆ. ಕೆಂಪಾಜಮ್ಮನನ್ನು ಕರೆದಿಲ್ಲ.

ದಾರಿಯಲ್ಲಿ ಕಂಡರು, ಜಗಲಿ ಮೇಲೆ ಒಬ್ಬರೇ. ತಪ್ಪಿಸಿಕೊಂಡು ಹೋಗಬೇಕು ಅಂತಿದ್ದೆ, ಕರೆದರು. ತುಟಿ ಬಿಳಿಚಿಕೊಂಡಿದೆ.

"ಎಲಡ್ಕೆ ಬುಟ್ಬುಟ್ಟೆ ಕಣಮ್ಮಿ. ತೊಳ್ಕಂಡಿದ್ದೆ ಅಂತ್ಲೇ ಅನ್ಕಂಡಿದ್ದೆ. ಈಗ ಗ್ಯಾನ ಬತ್ತಿಲ್ಲ. ತೊಳ್ಕಂಡಿರಲಿಲ್ವೇನೋ... ಆ ಕೂಸ ನಾನೇ ಸುಟ್ಬುಟ್ನೇನೋ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಾವೇ ಮಾಡಿದ್ದು ಅಂತ ನಂಬಲು ಶುರು ಮಾಡಿದ್ದಾರೆ.

ಜೂನ್ 4

ಅವರೊಬ್ಬರಿಗೇ ಗುಟ್ಟಾಗಿ ಹೇಳಿದರೆ? ಸಾಲದು. ಅವರನ್ನು ಕೇಳಿದ್ದು ಎಲ್ಲರೆದುರಿಗೆ. ಎಲ್ಲರೆದುರೇ ಹೇಳ್ತೀನಿ ಅಂದಿದ್ದಕ್ಕೆ ಗಂಡ ಮಾತು ಬಿಟ್ಟಿದ್ದಾನೆ.

ಜೂನ್ 5, ಗುರುವಾರ, ಬೆಳಿಗ್ಗೆ ಎಂಟೂವರೆ

ಒಂಬತ್ತಕ್ಕೆ ಗುರುಪ್ರಕಾಶನ ಮನೆಯಲ್ಲಿ ಹೆಂಗಸರೆಲ್ಲ ಸೇರುತ್ತಾರೆ. ರೂಪಕ್ಕನೂ ಬರುತ್ತಾರೆ. ನಾಲ್ಕನೇ ಬಾಟಲಿ, ಚೀಟಿ ಚೀಲದಲ್ಲಿವೆ. ಕೆಂಪಾಜಮ್ಮನನ್ನು ಕರೆಸಿದ್ದೇನೆ, ಯಾಕೆ ಅಂತ ಹೇಳಿಲ್ಲ. ನಮ್ಮ ಮನೆ ಜಗಲಿಯಲ್ಲಿ ಕೂತು, "ಕರೀದ ಮನೆಗೆ ನಾ ಯಾಕಮ್ಮಿ ಬರ್ಲಿ?" ಅಂತಿದ್ದಾರೆ.

ಅಲ್ಲಿ ನಾಲಿಗೆ ಕಟ್ಟಬಾರದು, ಒಮ್ಮೆ ಬರೆದು ನೋಡುತ್ತೇನೆ.

ರೂಪಕ್ಕ, ಸುಣ್ಣ ಅಲ್ಲ. ಅಜ್ಜಿ ಕೈ ಅಲ್ಲ. ನನಗೆ ಮೊದಲೇ ಗೊತ್ತಿತ್ತು, ನಾನು —